ಐವತ್ತರ ನಂತರ ಬಯಲಿಗೆ ಮರಳಿದ ಕುಂಚ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗೌರಿಬಿದನೂರಿಗೆ ನೆರೆಯಾದ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಜನಿಸಿದ ರುಮಾಲೆ ಚೆನ್ನಬಸವಯ್ಯನವರ ಹೆಸರು ಕಲಾವಿದರಿಗೆ ಪರಿಚಿತವಾಗಿರುವಷ್ಟು ಪರಿಸರಾಸಕ್ತರಿಗೆ ಪರಿಚಿತವಾಗಿಲ್ಲ. ತಾರುಣ್ಯದಲ್ಲಿ ಅವರು ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿಯೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಚಿತ್ರಕಲೆಯನ್ನು ಅಭ್ಯಸಿಸಿದರು. ಅನಂತರ ಸ್ವಾತಂತ್ರ್ಯ ಚಳವಳಿಯ ಕರೆ ಬಂದಿತು. ಕುಂಚ ಬದಿಗೆ ಸರಿಯಿತು. ಆ ಕಾಲದ ಬಿಸಿ ಎಂತಹುದೆಂಬುದನ್ನು ಗೌರಿಬಿದನೂರು ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ್ದು 1938ರ ಏಪ್ರಿಲ್ 25ರಂದು.

ಚಳವಳಿಯ ನಂತರವೂ ರುಮಾಲೆಯವರಿಗೆ ಬಿಡುವು ದೊರೆಯಲಿಲ್ಲ. 'ತಾಯಿನಾಡು' ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ, ಸಾರ್ವಜನಿಕ ಜೀವನದ ನೂರೆಂಟು ಹೊಣೆಗಳು. 1960ರ ದಶಕದ ಆರಂಭದಲ್ಲಿ, ವಯಸ್ಸು ಐವತ್ತನ್ನು ದಾಟಿದ ಮೇಲೆ, ಅವರು ಬಣ್ಣಗಳನ್ನು ಹಿಡಿದು ಬಯಲಿಗೆ ಮರಳಿದರು. 1988ರಲ್ಲಿ ನಿಧನರಾಗುವವರೆಗೂ ಬಯಲನ್ನು ಬಿಡಲಿಲ್ಲ. ಮರದ ಮುಂದೆಯೇ ಕುಳಿತು ಆ ಮರವನ್ನು ಬರೆಯುವುದು ಅವರ ಕ್ರಮ. ಬೆಂಗಳೂರಿನ ಹೂಬಿಟ್ಟ ಸಾಲುಮರಗಳು ಅವರ ಕೃತಿಗಳಲ್ಲಿ ಉರಿಯುವ ಹಳದಿಯಾಗಿ, ಕೆಂಪಾಗಿ, ನೇರಳೆಯಾಗಿ ಉಳಿದಿವೆ. ರಸ್ತೆ ಅಗಲವಾಗಿ ಮರಗಳು ಉರುಳಿದ ನಗರಕ್ಕೆ ಆ ಚಿತ್ರಗಳು ಇಂದು ದಾಖಲೆಗಳೂ ಹೌದು. ಚಿತ್ರಕಾರ ದಾಖಲೆಯನ್ನು ಉದ್ದೇಶಿಸಿರಲಿಲ್ಲ ಎಂಬ ಕಾರಣಕ್ಕೇ ಅವುಗಳಿಗೆ ಹೆಚ್ಚಿನ ಬೆಲೆ ಎನ್ನಬಹುದು.

ಉದ್ದೇಶವಿಟ್ಟು ಬರೆದವರೂ ಇದ್ದರು. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. ಆ ಯುದ್ಧದಲ್ಲಿ ಸೈನ್ಯದೊಂದಿಗೆ ಸಂಚರಿಸಿದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಮೈಸೂರು ಸೀಮೆಯ ನೋಟಗಳ ಪುಸ್ತಕವನ್ನು 1794ರಲ್ಲಿ ಪ್ರಕಟಿಸಿದನು. ಆ ಕಾಲದ ಸೈನ್ಯದ ಕಣ್ಣಿಗೆ ಬೆಟ್ಟವೆಂದರೆ ಕಡಿದಾದ ಬಂಡೆ, ಕೋಟೆಯ ಗೋಡೆ, ಏರಲು ದಾರಿ. ಇಂದಿನ ಗಣಿ ಗುತ್ತಿಗೆದಾರನ ಕಣ್ಣಿಗೆ ಅದೇ ಬೆಟ್ಟ ಇಷ್ಟು ಲೋಡು ಜಲ್ಲಿ. ಈ ಎರಡು ನೋಟಗಳ ನಡುವೆ ಬೆಟ್ಟದ ತಪ್ಪಲಿನಲ್ಲಿಯೇ ಬಾಳಿದವರ ನೋಟವೊಂದು ಇದೆ. ಅದನ್ನು ಕಾಗದಕ್ಕೆ ಇಳಿಸಿದವರು ಬಹಳ ವಿರಳ.

ಚಿಕ್ಕಬಳ್ಳಾಪುರ ಸುತ್ತಿನ ಗುಡ್ಡಗಳು ಕರಗುತ್ತಿರುವ ವೇಗವನ್ನು ಎಲ್ಲರೂ ಬಲ್ಲರು. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಮೃತಪಟ್ಟಾಗ ಕಲ್ಲು ಗಣಿಗಾರಿಕೆಯ ಸುದ್ದಿ ರಾಜ್ಯದಾದ್ಯಂತ ಹರಡಿತು. ಕೆಲವೇ ದಿನಗಳಲ್ಲಿ ಅದು ಮರೆಗೆ ಸರಿಯಿತು. ಗುಡ್ಡವೊಂದು ಇಲ್ಲವಾದ ಮೇಲೆ ಹುಟ್ಟಿದ ಮಗುವಿಗೆ ಆ ಖಾಲಿ ಆಕಾಶವೇ ಸಹಜ. ಅಲ್ಲಿ ಮೊದಲು ಯಾವ ಆಕಾರವಿತ್ತು, ಮಳೆನೀರು ಯಾವ ಇಳಿಜಾರಿನಿಂದ ಯಾವ ಕೆರೆಗೆ ಬರುತ್ತಿತ್ತು ಎಂಬುದನ್ನು ಬಲ್ಲವರು ಅರವತ್ತು ದಾಟಿದವರು ಮಾತ್ರ. ಶಾಲೆಯಲ್ಲಿ ಚಿತ್ರ ಬರೆದು, ಆಮೇಲೆ ಬೇಸಾಯ, ಸಂಸಾರ, ಸಾಲಗಳ ನಡುವೆ ಅದನ್ನು ಬಿಟ್ಟವರು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಅವರ ಕೈಗೆ ಕುಂಚ ಮರಳಬೇಕೆಂಬುದು ಈ ಉಪನ್ಯಾಸದ ಕೋರಿಕೆ.

ಛಾಯಾಚಿತ್ರ ಸಾಲದೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಬರುವುದು ಸಹಜ. ಛಾಯಾಚಿತ್ರ ಬೇಕು, ಆದರೆ ಅದು ಕ್ಷಣಮಾತ್ರದ ಕೆಲಸ. ಮೂರು ಗಂಟೆ ಒಂದೇ ಕಡೆ ಕುಳಿತು ಬರೆಯುವವನಿಗೆ ಬೇರೆ ಸಂಗತಿಗಳು ತೋರುತ್ತವೆ. ಮಾಘ-ಫಾಲ್ಗುಣದಲ್ಲಿ ಮುತ್ತುಗ ಎಲೆಯುದುರಿಸಿ ಕೆಂಪೇರುತ್ತದೆ. ಹೊಂಗೆ ಬೋಳಾಗಿ ಕೆಲವೇ ದಿನಗಳಲ್ಲಿ ಎಳೆಹಸಿರನ್ನು ಹೊದೆಯುತ್ತದೆ. ಅವುಗಳ ಪಕ್ಕದ ನೀಲಗಿರಿ ತೋಪಿಗೆ ಮಾತ್ರ ವರ್ಷವಿಡೀ ಒಂದೇ ಬೂದುಹಸಿರು ಸಾಕಾಗುತ್ತದೆ. ಈ ಏಕತಾನತೆಯನ್ನು ಬಣ್ಣ ಕಲಸುವ ಕೈ ಬೇಗ ಗುರುತಿಸುತ್ತದೆ. ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅದೂ ಅಂತರ್ಜಲ ಪಾತಾಳ ಕಂಡ ಮೇಲೆ.

ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳು ಇದಕ್ಕೆ ಬೇರೆ. ಕಡ್ಡಿ ಕತ್ತರಿಸಿದ ಎರಡು ತಿಂಗಳೊಳಗೆ ಗಿಡ ಮತ್ತೆ ತುಂಬುವುದರಿಂದ ಅಕ್ಕಪಕ್ಕದ ತಾಕುಗಳಲ್ಲಿ ಬರಿಯ ಕೆಮ್ಮಣ್ಣು, ಚಿಗುರು, ಕಡುಹಸಿರು ಏಕಕಾಲಕ್ಕೆ ಕಾಣಸಿಗುತ್ತವೆ. ಚಿಂತಾಮಣಿಯ ಕಡೆ ಅಂಬಾಜಿದುರ್ಗದ ಬಂಡೆ ಬೆಳಿಗ್ಗೆ ನೀಲಿ, ಸಂಜೆ ತಾಮ್ರ. ರುಮಾಲೆಯವರು ಬರೆದ ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದ ದಕ್ಷಿಣ ಅಮೆರಿಕದ್ದು. ಅದಕ್ಕೆ ಆಕ್ಷೇಪವೇನೂ ಬೇಡ. ನಗರದಲ್ಲಿ ನಿಂತಿದ್ದ ಮರಗಳನ್ನೇ ಅವರು ಬರೆದರು. ಹಳ್ಳಿಯಲ್ಲಿ ನಿಂತಿರುವುದು ಹುಣಸೆ, ಬೇವು, ಅರಳಿ. ಅವೂ ಶಾಶ್ವತವಲ್ಲ: ವಿದುರಾಶ್ವತ್ಥದ ಪುರಾತನ ಅಶ್ವತ್ಥ ವೃಕ್ಷವೇ 2001ರಲ್ಲಿ ಧರೆಗುರುಳಿತು.

ಸಾಮಗ್ರಿಯ ಚಿಂತೆ ಅನೇಕರನ್ನು ತಡೆಯುತ್ತದೆ. ಬಣ್ಣ ತುಂಬುವ ತವರದ ಟ್ಯೂಬನ್ನು ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ 1841ರಲ್ಲಿ ಕಂಡುಹಿಡಿದ ಮೇಲೆ ಐರೋಪ್ಯರು ತೈಲವರ್ಣವನ್ನು ಸುಲಭವಾಗಿ ಹೊಲಕ್ಕೆ ಹೊತ್ತೊಯ್ದರು. ಈ ಸೀಮೆಯ ಮನೆಗಳ ಜಗಲಿಗೆ ಕೆಮ್ಮಣ್ಣು, ಗೋಡೆಗೆ ಸುಣ್ಣ ಬಳಿಯುವ ಕೈಗಳಿಗೆ ಬಣ್ಣ ಹೊಸದಲ್ಲ. ಕೆಮ್ಮಣ್ಣಿಗೆ ಆ ಕೆಂಪನ್ನು ಕೊಟ್ಟಿರುವುದು ಕಬ್ಬಿಣದ ಆಕ್ಸೈಡ್. ಚಿತ್ರಕಾರರು ಅಂಗಡಿಯಲ್ಲಿ ಕೊಳ್ಳುವ ಕಾವಿಬಣ್ಣದ ಮೂಲವೂ ಅದೇ. ಸೋಸಿದ ಕೆಮ್ಮಣ್ಣು, ಅರೆದ ಇದ್ದಿಲು, ಬೇವಿನ ಅಂಟು, ಇಷ್ಟರಿಂದ ಬೆಟ್ಟದ ಮುಕ್ಕಾಲು ಭಾಗ ಮೂಡುತ್ತದೆ. ಹಸಿರಿಗೆ ಮಕ್ಕಳ ಬಣ್ಣದ ಡಬ್ಬಿ ಸಾಕು. ಮುದಿ ಕಣ್ಣಿಗೆ ಮಧ್ಯಾಹ್ನದ ಬಿಸಿಲು ಒಗ್ಗದು. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದು ಲೇಸು.

ಚಿತ್ರ ಚೆಲುವಾಗಿ ಬರಬೇಕೆಂಬ ನಿರ್ಬಂಧವಿಲ್ಲ. ನ್ಯಾಯಾಲಯದಲ್ಲಿ ಅದೊಂದೇ ಸಾಕ್ಷ್ಯವಾಗಿ ನಿಲ್ಲಲಾರದು ಎಂಬುದನ್ನೂ ತಿಳಿದಿರಬೇಕು. ಆದರೂ ಕಾಗದದ ಹಿಂಬದಿಯಲ್ಲಿ ದಿನಾಂಕ, ಕುಳಿತ ಸ್ಥಳ, ನೋಡಿದ ದಿಕ್ಕು, ಗುಡ್ಡದ ಹೆಸರು, ನೀರು ಇಳಿಯುವ ಕೆರೆಯ ಹೆಸರು ಇಷ್ಟನ್ನು ಬರೆಯಲೇಬೇಕು. ಈಗಾಗಲೇ ಕಡಿದುಹೋದ ಗುಡ್ಡವನ್ನು ನೆನಪಿನಿಂದ ಬರೆದಲ್ಲಿ 'ನೆನಪಿನಿಂದ' ಎಂದು ಸ್ಪಷ್ಟವಾಗಿ ನಮೂದಿಸಿ, ಅದೇ ಊರಿನ ಮತ್ತೊಬ್ಬ ಹಿರಿಯರಿಗೆ ತೋರಿಸಿ, ಅವರು ಹೇಳಿದ ತಿದ್ದುಪಡಿಗಳನ್ನು ವಿದ್ಯಾರ್ಥಿಗಳು ಪಕ್ಕದಲ್ಲಿ ಬರೆದಿಡತಕ್ಕದ್ದು.