ಪರಿಗ್ರಹವೂ ಗೃಹಸ್ಥರ ಅಟ್ಟವೂ



12ನೆಯ ಶತಮಾನದಲ್ಲಿ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವು ಈ ಸಭೆಯಲ್ಲಿರುವ ಮಕ್ಕಳಿಗೂ ತಿಳಿದುದೇ ಆಗಿರುವದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹವನ್ನು ನಡೆಯಿಸುವದು ಮಾರಯ್ಯನವರ ಕಾಯಕವಾಗಿದ್ದಿತು. ಒಂದು ದಿನ ಅವರು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಪತಿಯನ್ನು ಹಿಂದಕ್ಕೆ ಕಳುಹಿದರು. ಶೂನ್ಯಸಂಪಾದನೆಯಲ್ಲಿಯೂ ಬಂದಿರುವ ಈ ಪ್ರಸಂಗವನ್ನು ಪುರಾಣ ಹೇಳುವವರು ಆಶೆಯ ಖಂಡನೆಗಾಗಿ ಉದಾಹರಿಸುವದುಂಟು. ಅದು ಯುಕ್ತವೇ ಸರಿ. ಆದರೆ ಸಂಸಾರಿಗಳು ಲಕ್ಷ್ಯಕ್ಕೆ ತಂದುಕೊಳ್ಳಬೇಕಾದ ಇನ್ನೊಂದು ಸಂಗತಿ ಅದರಲ್ಲಿ ಅಡಗಿದೆ. ಆ ಅಕ್ಕಿ ಕದ್ದುದಲ್ಲ, ಬೇಡಿ ತಂದುದೂ ಅಲ್ಲ. ಬಡವರ ಮನೆಗೆ ನಾಳೆ ಬೇಕಾಗತಕ್ಕ ಪದಾರ್ಥವೇ ಆಗಿದ್ದಿತು. ಆದಾಗ್ಯೂ ಆ ತಾಯಿ ಅದಕ್ಕೆ ಮನೆಯಲ್ಲಿ ನೆಲೆಯೂರಲು ಎಡೆಗೊಡಲಿಲ್ಲ. ಗಡಿಗೆಯಲ್ಲಿ ಒಂದು ರಾತ್ರಿ ಇದ್ದಿದ್ದರೆ ಅದು ‘ನಮ್ಮ ಅಕ್ಕಿ’ ಆಗಿಬಿಡುತ್ತಿದ್ದಿತು; ಆಮೇಲೆ ಹಿಂದಕ್ಕೆ ಒಯ್ಯುವ ಕಾಲುಗಳು ಅಷ್ಟು ಹಗುರಾಗಿ ಏಳುತ್ತಿದ್ದಿಲ್ಲ.

ವಸ್ತುವನ್ನು ಹೊಸ್ತಿಲಲ್ಲಿಯೇ ಬಿಡುವದು ಸುಲಭ. ಅಟ್ಟದಿಂದ ಇಳಿಸಿ ಬಿಡುವದು ಕಠಿಣ. ಇದನ್ನು ಪಾಶ್ಚಾತ್ಯ ವಿದ್ವಾಂಸರೂ ಬೇರೊಂದು ಹಾದಿಯಿಂದ ಕಂಡುಕೊಂಡಿರುವರು. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಬಟ್ಟಲನ್ನು ಕೊಟ್ಟು, ಮಾರುವದಾದರೆ ಬೆಲೆಯೆಷ್ಟೆಂದು ಕೇಳಿದರು. ಬಟ್ಟಲು ದೊರೆಯದವರನ್ನು, ಕೊಳ್ಳುವದಾದರೆ ಎಷ್ಟು ಕೊಡುವಿರೆಂದು ಕೇಳಿದರು. ಉಳ್ಳವರು ಹೇಳಿದ ಬೆಲೆಯು ಇಲ್ಲದವರು ಹೇಳಿದುದಕ್ಕಿಂತ ಸುಮಾರು ಎರಡು ಪಟ್ಟು ಆಯಿತು. ಬಟ್ಟಲು ಅದೇ; ಕೈಗೆ ಬಂದು ಒಂದು ದಿನವೂ ಆಗಿರಲಿಲ್ಲ.

ಹೀಗಿರಲು ನಾಲ್ವತ್ತು ವರ್ಷ ಅಟ್ಟದ ಮೇಲೆ ಕುಳಿತ ಸಾಮಾನಿನ ಮಾತು ಹೇಳುವದೇನು! ಕಲಾಯಿ ಹೋದ ಹಂಡೆ, ಕಾಲು ಮುರಿದ ತೊಟ್ಟಿಲು, ಗಾಜಿಲ್ಲದ ಕಂದೀಲು, ಕೀಲಿಕೈ ಕಳೆದ ಪೆಟ್ಟಿಗೆ, ಯಾರ ಮದುವೆಯವೆಂದು ಯಾರಿಗೂ ನೆನಪಿಲ್ಲದ ಲಗ್ನಪತ್ರಿಕೆಗಳು. ಇವುಗಳ ಜೊತೆಗೆ ಈಚೆಗೆ ಸೇರಿಕೊಂಡ ಕೆಟ್ಟ ಮೊಬೈಲುಗಳು, ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡಬ್ಬಿಗಳು. ‘ಇರಲಿ, ಎಂದಾದರೂ ಉಪಯೋಗಕ್ಕೆ ಬಂದೀತು’ ಎಂಬ ಒಂದೇ ಮಾತು ಇವೆಲ್ಲವುಗಳಿಗೆ ಕಾವಲಾಗಿ ನಿಂತಿರುವದು.

ಆದರೂ ಇದಕ್ಕಾಗಿ ಹಿರಿಯರನ್ನು ಹಳಿಯುವದು ನ್ಯಾಯವಲ್ಲ. 1876ರಿಂದ 1878ರ ವರೆಗೆ ಮೈಸೂರು ಸೀಮೆಯನ್ನೂ ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಹಿಂಡಿದ ಬರದಲ್ಲಿ ಲಕ್ಷಾವಧಿ ಜನರು ಮಡಿದರು. ಆ ಬರದ ಕಥೆಯನ್ನು ಕೇಳಿ ಬೆಳೆದ ಮನೆತನಗಳಲ್ಲಿ ಒಂದು ಹಿಡಿ ಜೋಳವನ್ನೂ ಚೆಲ್ಲಲಾರದ ಅಜ್ಜಿಯರಿದ್ದರೆ ಆಶ್ಚರ್ಯವಿಲ್ಲ. ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುವದು ಲೋಭವಲ್ಲ, ವಿವೇಕವಾಗಿದ್ದಿತು. ಆದರೆ ಹಗೇವಿನ ಜೋಳಕ್ಕೆ ಹೊರಬರುವ ದಿನವೊಂದಿದ್ದಿತು. ಅಟ್ಟದ ಹರಕು ಮುರುಕಿಗೆ ಅಂಥ ದಿನವಿಲ್ಲ. ಹಿಂದಿನ ಮನೆಯಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ವಸ್ತುವಿಗೂ ಹೊರಡುವ ಹಾದಿಯಿದ್ದಿತು. ಹಳೆಯ ಸೀರೆ ಕೌದಿಯಾಗುವದು. ಒಡೆದ ಹಿತ್ತಾಳೆಯನ್ನು ಕಂಚುಗಾರನು ತೂಕದ ಮೇಲೆ ತಕ್ಕೊಳ್ಳುವನು. ಮಣ್ಣಿನ ಗಡಿಗೆ ಒಡೆದು ಮಣ್ಣನ್ನೇ ಸೇರುವದು. ಪ್ಲಾಸ್ಟಿಕ್ಕಿಗೆ ಆ ಯೋಗ್ಯತೆಯಿಲ್ಲ. ಒಲೆಗೆ ಹಾಕಿದರೆ ವಿಷದ ಹೊಗೆ, ಬೀದಿಗೆ ಚೆಲ್ಲಿದರೆ ದನದ ಹೊಟ್ಟೆ. ಆದುದರಿಂದ ಈ ಕಾಲದ ಗೃಹಿಣಿಯು ಲಕ್ಕಮ್ಮನವರಂತೆ ಬಾಗಿಲಲ್ಲಿಯೇ ತಡೆಯಬೇಕಾದ ಅವಶ್ಯಕತೆಯು ಹಿಂದಿಗಿಂತ ಹೆಚ್ಚಾಗಿರುವದು.

ಇದು ಸಾಮಾನ್ಯ ಸಾಮಾನಿನ ಮಾತಾಯಿತು. ನಿಜವಾದ ಕಷ್ಟ ಬೇರೆ ಇದೆ. ಮಗನನ್ನು ಕಳಕೊಂಡ ತಾಯಿಯು ಅವನ ಅಂಗಿಯನ್ನು ಮಡಿಚಿ ಇಟ್ಟಿರುವಳು. ಪತಿಯು ಲಿಂಗೈಕ್ಯನಾಗಿ ವರ್ಷಗಳು ಉರುಳಿದರೂ ಅವನ ಧೋತರ, ರುಮಾಲು, ಕನ್ನಡಕ, ಕೈಗೋಲುಗಳು ಇದ್ದಲ್ಲಿಂದ ಕದಲಿರುವದಿಲ್ಲ. ಸೊಸೆಯು, ‘ಅತ್ತೀ, ಇವನ್ನ ಯಾರಿಗಾದರೂ ಕೊಟ್ಟುಬಿಡೋಣೇನ್ರಿ?’ ಎಂದು ಸದುದ್ದೇಶದಿಂದಲೇ ಕೇಳಿದರೂ, ಆಕೆಯ ಕಿವಿಗೆ ಅದು ಹೋದವರನ್ನು ಇನ್ನೊಮ್ಮೆ ಮನೆಯಿಂದ ಸಾಗಿಸುವ ಮಾತಾಗಿ ಕೇಳುವದು. ಇಂಥಲ್ಲಿ ವೈರಾಗ್ಯವನ್ನು ಬೋಧಿಸುವದು ನಿರ್ದಯತೆಯೇ ಹೊರತು ಜ್ಞಾನವಲ್ಲ. ಅಂಗಿಯಲ್ಲಿ ಮಗನಿಲ್ಲವೆಂಬುದು ಆ ತಾಯಿಗೆ ತಿಳಿಯದ ಸಂಗತಿಯೆ? ಆಕೆಗಿರುವ ಭಯ ಒಂದೇ: ಅಂಗಿ ಹೋದರೆ ತಾನು ಅವನನ್ನು ಮರೆತೇನೋ ಎಂಬುದು. ಆದರೆ ಪೆಟ್ಟಿಗೆಯೊಳಗಿನ ಅಂಗಿಯನ್ನು ನುಸಿ ತಿನ್ನುವದು. ಅದೇ ಅಂಗಿಯನ್ನು ತೊಟ್ಟ ಬಡ ಹುಡುಗನು ದಿನಾಲು ಬಾಗಿಲ ಮುಂದಿನಿಂದ ಶಾಲೆಗೆ ಹೋಗುತ್ತಿದ್ದರೆ ಮರೆಯುವ ಮಾತಾದರೂ ಎಲ್ಲಿಯದು? ಇದಕ್ಕೆ ಅವಸರ ಸಲ್ಲದು. ಆಕೆಯೇ ತನ್ನ ಕೈಯಾರೆ ಎತ್ತಿ ಕೊಡತಕ್ಕದ್ದು. ಆಕೆ ಊರಲ್ಲಿಲ್ಲದ ಸಮಯ ನೋಡಿ ಮಕ್ಕಳು ಕೋಣೆಯನ್ನು ಬರಿದು ಮಾಡಿದರೆ ಅದಕ್ಕೆ ಕಳವೆಂದೇ ಹೆಸರು.

ಇನ್ನೊಂದು ಮಾತನ್ನು ಅಪ್ರಿಯವಾದರೂ ಹೇಳದೆ ಗತ್ಯಂತರವಿಲ್ಲ. ಧನವನ್ನು ಜಂಗಮಕ್ಕೆ ಸವೆಸಬೇಕೆಂಬ ಶರಣರ ವಿಧಿಯನ್ನು ಕೆಲವರು ವಿಪರೀತವಾಗಿ ತಿಳಿದು, ಮನೆಯಲ್ಲಿ ಇಡಲಾಗದ್ದನ್ನೆಲ್ಲ ಗಾಡಿಗೆ ಹೇರಿ ಮಠಕ್ಕೆ ಕಳುಹುವದುಂಟು. ಸೋರುವ ಕೊಡ, ಹರಿದ ಜಮಖಾನೆ, ಮೂರು ಕಾಲಿನ ಕುರ್ಚಿ! ಮಠವು ಭಕ್ತರ ಅಟ್ಟವಲ್ಲ. ತಾನು ಇನ್ನೂ ಬಳಸಬಲ್ಲೆನೆಂಬ ಸ್ಥಿತಿಯಲ್ಲಿರುವಾಗಲೇ ಕೊಟ್ಟ ಪದಾರ್ಥವು ದಾಸೋಹವೆನಿಸುವದು. ಮಿಕ್ಕುದು ಕಸದ ಸ್ಥಳಾಂತರ.

ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆದು, ಗೋಡೆಗಳಿಗೆ ಸುಣ್ಣ ಬಳಿಯುವ ಪದ್ಧತಿಯು ಉತ್ತರದ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಆ ಹೊತ್ತಿಗೆ ಪೆಟ್ಟಿಗೆಗಳು ಹೇಗೂ ಅಂಗಳಕ್ಕೆ ಬಂದಿರುವವು. ಆಗ ಮನೆಯ ಹಿರಿಯಳು ಪತಿಯ ಧೋತರಗಳಲ್ಲಿ ಗಟ್ಟಿಯಾದವುಗಳನ್ನು ಉಡುವವರಿಗೆ ಕೊಡಬಹುದು. ಕನ್ನಡಕ, ಕೈಗೋಲುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು. ಜೀರ್ಣವಾದ ಬಟ್ಟೆಯನ್ನು ಕೌದಿಗೆಂದು ತೆಗೆದಿರಿಸಬಹುದು. ಕೌದಿ ಹೊಲಿಯಲು ನೆರೆಮನೆಯವರು ಬಂದು ಕೂಡುವರು. ದಾರ ಎಳೆಯುತ್ತಿರುವಾಗ ಹೋದವರ ಮಾತು ತಾನಾಗಿಯೇ ಹೊರಡುವದು. ಒಬ್ಬಳು ಕಣ್ಣೊರಸಿಕೊಳ್ಳುವಳು, ಇನ್ನೊಬ್ಬಳು ಅವರ ಯಾವುದೋ ಹಟಮಾರಿತನವನ್ನು ನೆನೆದು ನಗುವಳು. ಚಳಿ ಬೀಳುವಷ್ಟರಲ್ಲಿ ಕೌದಿ ಮುಗಿದು ಮೊಮ್ಮಗನ ಹಾಸಿಗೆಯನ್ನು ಸೇರಿರುವದು.