ನಾರುಹುಣ್ಣು ಹೋಯ್ತು, ಕೊಡದ ನೀರಿನ ಕಥೆ ಏನು?

ಮನುಷ್ಯ ನಿಜವಾಗ್ಲೂ ಮುಂದೆ ಹೋಗ್ತಿದ್ದಾನಾ? ಹೀಗೆ ಕೇಳಿದ್ರೆ ಒಬ್ಬರು ಚಂದ್ರಯಾನ ತೋರಿಸ್ತಾರೆ. ಇನ್ನೊಬ್ಬರು, ಹಿಂದಿನ ಕಾಲವೇ ಚೆನ್ನಾಗಿತ್ತು ಅಂತ ನಿಟ್ಟುಸಿರು ಬಿಡ್ತಾರೆ. ನಾನು ಇವತ್ತು ಯಾದಗಿರಿ ಜಿಲ್ಲೆಯ ಒಂದು ಕೊಡ ನೀರು ತೋರಿಸ್ತೀನಿ.

ಮೊದಲು, ಹಿಂದಿನ ಕಾಲ ಚೆನ್ನಾಗಿತ್ತು ಅನ್ನೋರಿಗೆ. ನಾರುಹುಣ್ಣು ಅಂತ ಒಂದು ರೋಗ ಇತ್ತು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬಬೇಕು. ಆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ. ಕುಡಿದು ಸುಮಾರು ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎದ್ದು, ದಾರದಂಥ ಹುಳ ಹೊರಬರೋದು. ಉದ್ದ ಒಂದು ಮೀಟರ್‌ವರೆಗೂ! ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೀಬೇಕಿತ್ತು. ಯಾದಗಿರಿ ಆಗ ಇದ್ದದ್ದು ಗುಲ್ಬರ್ಗಾ ಜಿಲ್ಲೆಯೊಳಗೆ. ಆ ಜಿಲ್ಲೆ ಈ ರೋಗ ಕಾಡಿದ ಜಿಲ್ಲೆಗಳಲ್ಲೊಂದು.

ಇದಕ್ಕೆ ಲಸಿಕೆ ಇರಲಿಲ್ಲ, ಔಷಧಿಯೂ ಇರಲಿಲ್ಲ. ಬಟ್ಟೆಯಲ್ಲಿ ನೀರು ಸೋಸಿ ಅಂತ ಮನೆಮನೆಗೆ ಹೋಗಿ ಹೇಳಿದ್ರು. ಕೈಪಂಪು ಹಾಕಿದ್ರು. 1996ರಲ್ಲಿ ದೇಶದ ಕೊನೆಯ ಪ್ರಕರಣ ಸಿಕ್ತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಭಾರತ ನಾರುಹುಣ್ಣು ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು. ಇದು ಪ್ರಗತಿ ಅಲ್ವಾ? ಖಂಡಿತ ಪ್ರಗತಿ. ಇವತ್ತಿನ ಮಕ್ಕಳಿಗೆ ಆ ರೋಗದ ಹೆಸರೇ ಗೊತ್ತಿಲ್ಲ.

ಈಗ ಚಂದ್ರಯಾನ ತೋರಿಸೋರಿಗೆ. ಇದೇ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಯ್ತು. ಬಣ್ಣ ಇಲ್ಲ, ರುಚಿ ಇಲ್ಲ, ಬಟ್ಟೆಯಲ್ಲಿ ಸೋಸಿದ್ರೂ ಹೋಗಲ್ಲ. ಹುಳದಿಂದ ಪಾರು ಮಾಡಿದ್ದು ನೆಲದಡಿಯ ನೀರು. ಇಲ್ಲಿ ವಿಷ ಕುಡಿಸಿದ್ದೂ ಅದೇ ನೀರು.

ಇನ್ನು ಗುರುಮಠಕಲ್ ತಾಲ್ಲೂಕಿನ ಅನಪುರಕ್ಕೆ ಬನ್ನಿ. 2023ರ ಫೆಬ್ರವರಿಯಲ್ಲಿ ಕಲುಷಿತ ನೀರು ಕುಡಿದು ಇಬ್ಬರು ಮಹಿಳೆಯರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಅದೇ ವರ್ಷ ಆಗಸ್ಟ್ 23ಕ್ಕೆ ನಾವು ಚಂದ್ರನ ಮೇಲೆ ಇಳಿದು ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ. ತಪ್ಪೇನಿಲ್ಲ. ಆದರೆ ನಡುವೆ ಇದ್ದದ್ದು ಬರೀ ಆರು ತಿಂಗಳು.

ನಾನು ಓದಿದ್ದು ಎಂಜಿನಿಯರಿಂಗ್. ಗ್ರಾಫ್ ಮೇಲೇರಿದ್ರೆ ಖುಷಿಪಡೋ ಜಾತಿ. ಆದರೆ ಅದೇ ಓದು ಇನ್ನೊಂದನ್ನೂ ಕಲಿಸಿದೆ: ಪೈಪು ಹಾಕಿದ ದಿನ ಕೆಲಸ ಮುಗಿಯಲ್ಲ, ಅವತ್ತು ಶುರುವಾಗುತ್ತೆ. ಜೋಡಣೆ ಸಡಿಲಾಗುತ್ತೆ, ಚರಂಡಿ ಪಕ್ಕದಲ್ಲೇ ಹರಿಯುತ್ತೆ. ಯಾರಾದರೂ ದಿನಾ ನೋಡ್ತಿರಬೇಕು.

ಇಲ್ಲಿ 2009ರಲ್ಲಿ ಹೊಸ ಜಿಲ್ಲೆ ಆಯ್ತು. 371(ಜೆ) ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯ್ತು. ಗುರುಮಠಕಲ್ ತಾಲ್ಲೂಕೂ ಆಯ್ತು. ಎಲ್ಲಾ ಬೇಕಾದದ್ದೇ. ಆದರೆ ಕಲ್ಯಾಣ ಅನ್ನೋದು ಬೋರ್ಡ್ ಮೇಲೆ ಬಂದ್ರೆ ಸಾಲದು, ನಲ್ಲಿಯಲ್ಲೂ ಬರಬೇಕು.

ಪ್ರಗತಿ ಸುಳ್ಳು ಅಂತ ನಾನು ಹೇಳಲ್ಲ. ಹಾಗಂದ್ರೆ ಅಧಿಕಾರಿಗಳಿಗೆ ಆರಾಮು: ಆಗದ ಕೆಲಸಕ್ಕೆ ಲೆಕ್ಕ ಕೇಳೋರು ಯಾರು? ಪ್ರಗತಿ ನಿಜ. ಬಟ್ಟೆ, ಕೈಪಂಪಿನಿಂದ ಒಂದು ರೋಗವನ್ನೇ ಓಡಿಸಿದ ನಾಡಿದು. ಅದಕ್ಕೇ ಅನಪುರದ ಸಾವನ್ನು ಹಣೆಬರಹ ಅನ್ನೋ ಹಾಗಿಲ್ಲ. ನಿಮ್ಮೂರಿನ ಟ್ಯಾಂಕಿನ ನೀರು ಕೊನೆಯ ಸಲ ಪರೀಕ್ಷೆ ಆಗಿದ್ದು ಯಾವಾಗ? ನಾಳೆ ಪಂಚಾಯಿತಿಗೆ ಹೋಗಿ ಕೇಳಿ.