ಒಳಗಿನದು ಮೊದಲು, ಗೋಡೆ ಆಮೇಲೆ



ಗಾಲಿ ಮೇಲಿನ ಮನೆಗಳ ಬಗ್ಗೆ ವಿಚಾರ ಸಂಕಿರಣವನ್ನು ಗುಡೂರಿನಲ್ಲಿ ಯಾಕೆ ಇಟ್ಟುಕೊಂಡಿರಿ ಎಂದು ಕೇಳುವವರಿದ್ದಾರೆ. ಇಲ್ಲಿ ಮೋಟಾರ್‌ಹೋಮ್ ಕಾರ್ಖಾನೆ ಇಲ್ಲ, ಒಪ್ಪಿಕೊಳ್ಳೋಣ. ಆದರೆ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಗೆ ಹೊರಡುತ್ತಿದ್ದ ಚಕ್ಕಡಿಯನ್ನು ನೆನಪು ಮಾಡಿಕೊಳ್ಳಿ. ಬಿದಿರು ಬಗ್ಗಿಸಿದ ಕಮಾನು, ಅದರ ಮೇಲೆ ತಾಡಪತ್ರಿ, ಒಳಗೆ ಮೇವಿನ ಹಾಸು, ಅದರ ಮೇಲೆ ಕೌದಿ, ಮೂಲೆಯಲ್ಲಿ ರೊಟ್ಟಿ ಬುತ್ತಿ, ಹಿಂದುಗಡೆ ಎತ್ತಿಗೆ ಕಣಿಕಿ. ಜಾತ್ರೆ ಮುಗಿಸಿ ಊರಿಗೆ ಮರಳುವ ತನಕ ಅದೇ ಮನೆ. ಬನಶಂಕರಿ ತೇರಿನ ಹಗ್ಗ ಇಂದಿಗೂ ರೋಣ ತಾಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲೇ ಬರುತ್ತದೆ. ಆದ್ದರಿಂದ ಈ ವಿಷಯ ನಮಗೆ ಹೊರಗಿನದೇನೂ ಅಲ್ಲ.

ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಒಂದೇ. ಗಾಲಿ ಮೇಲಿನ ಮನೆಯ ವಿದ್ಯೆ ಇರುವುದು ಯಾವುದನ್ನು ಮೊದಲು ಕೂರಿಸಬೇಕು, ಯಾವುದನ್ನು ಎಷ್ಟು ಬಿಗಿಯಬೇಕು ಎಂಬುದರಲ್ಲಿ. ನಕ್ಷೆಯಲ್ಲಿ ಅಳತೆ ಸಿಗುತ್ತದೆ, ಈ ಎರಡು ಸಿಗುವುದಿಲ್ಲ.

ನೆಲದ ಮೇಲೆ ಮನೆ ಕಟ್ಟುವಾಗ ಬುನಾದಿ, ಗೋಡೆ, ಮಾಳಿಗೆ ಎಲ್ಲ ಮುಗಿದ ಮೇಲೆ ಕಪಾಟು, ಅಡುಗೆಕಟ್ಟೆಯ ಮಾತು. ಮೋಟಾರ್‌ಹೋಮ್ ಕಾರ್ಖಾನೆಗಳಲ್ಲಿ ಬೆಳೆದು ಬಂದ ರೂಢಿ ಇದಕ್ಕೆ ಉಲ್ಟಾ. ಚಾಸಿಯ ಮೇಲೆ ಮೊದಲು ನೆಲ. ಸುತ್ತ ಗೋಡೆಯಿಲ್ಲದ ಆ ಬಯಲು ನೆಲದ ಮೇಲೇ ಒಲೆ, ನೀರಿನ ಟಾಕಿ, ಮಂಚ, ಕಪಾಟು ಎಲ್ಲ ಕೂತುಬಿಡುತ್ತವೆ. ಆಮೇಲೆ ಎರಡೂ ಪಕ್ಕದ ಗೋಡೆ ತಂದು ನಿಲ್ಲಿಸಿ, ಕೊನೆಗೆ ಮೇಲ್ಛಾವಣಿ ಇಳಿಸುತ್ತಾರೆ. ಇದರಿಂದ ಕೆಲಸಗಾರ ನಾಲ್ಕೂ ಕಡೆಯಿಂದ ಕೈ ಹಾಕಬಹುದು, ಒಬ್ಬರ ಕಾಲು ಒಬ್ಬರು ತುಳಿಯಬೇಕಿಲ್ಲ. ಅಮೆರಿಕದ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೊ ಕಂಪನಿ 1966ರಲ್ಲಿ ಮೋಟಾರ್‌ಹೋಮುಗಳನ್ನು ಕಾರಿನಂತೆ ಸಾಲಿನಲ್ಲಿ ಕಟ್ಟತೊಡಗಿತು. ಅವರ ಗೋಡೆಯ ಗುಟ್ಟೂ ಸರಳ: ಹೊರಗೆ ತೆಳು ಅಲ್ಯೂಮಿನಿಯಂ ತಗಡು, ನಡುವೆ ಥರ್ಮೊಕೋಲಿನಂಥ ಹಗುರ ಹಲಗೆ, ಒಳಗೆ ಪ್ಲೈವುಡ್. ಮೂರನ್ನೂ ಅಂಟು ಹಚ್ಚಿ ಒತ್ತಿದರೆ ಹಗುರಾದ, ಬಿಸಿಲು ತಡೆಯುವ ಒಂದೇ ಹಲಗೆ.

ಏರ್‌ಸ್ಟ್ರೀಮ್ ಕಂಪನಿಯವರ ದಾರಿ ಬೇರೆ. ಅವರ ಎಳೆಬಂಡಿಗಳಲ್ಲಿ ವಿಮಾನದ ಮೈಯಂಥ ಅಲ್ಯೂಮಿನಿಯಂ ಚಿಪ್ಪನ್ನು ರಿವೆಟ್ ಹೊಡೆದು ಮೊದಲೇ ಮುಗಿಸುತ್ತಾರೆ. ಮುಂದೆ ಒಳಗಿನ ಪ್ರತಿ ಸಾಮಾನೂ ಬಾಗಿಲಲ್ಲಿ ತೂರಿಯೇ ಹೋಗಬೇಕು. ಅಂದರೆ ಅಲ್ಲಿ ಕಪಾಟಿನ ಅಗಲವನ್ನು ಗೊತ್ತುಮಾಡುವುದು ಬಾಗಿಲು. ಚಿಪ್ಪು ಗಟ್ಟಿ, ಕೆಲಸ ನಿಧಾನ. ಜನರಲ್ ಮೋಟಾರ್ಸ್ 1973ರಿಂದ 1978ರ ತನಕ ಕಟ್ಟಿದ ಮೋಟಾರ್‌ಹೋಮಿನಲ್ಲಿ ಎಂಜಿನ್ನು ಮುಂದಿನ ಗಾಲಿಗಳನ್ನೇ ತಿರುಗಿಸುತ್ತಿತ್ತು. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲದ್ದರಿಂದ ನೆಲವನ್ನು ಕೆಳಗಿಳಿಸಲು ಸಾಧ್ಯವಾಯಿತು. ಹಳೆಯ ವಾಹನಗಳ ಅಭಿಮಾನಿಗಳು ಅದರ ಚೆಲುವನ್ನು ಹೊಗಳುತ್ತಾರೆ. ನನಗೆ ಮೆಚ್ಚುಗೆಯಾದದ್ದು ಆ ತಗ್ಗು ನೆಲ.

ನಮ್ಮಲ್ಲಿ ಗಾಲಿ ಮೇಲಿನ ಮನೆಯನ್ನು ಕಣ್ಣಾರೆ ನೋಡಬೇಕೆಂದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ. 1899ರ ಮಹಾರಾಣಿಯವರ ಸಲೂನು ಅಲ್ಲಿದೆ. ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲ ಹಳಿಯ ಮೇಲೆ. ನೋಡಲು ಬಂದವರು ಅರಮನೆಯ ವೈಭವ ನೋಡಿ ಹೊರಬರುತ್ತಾರೆ. ನೀವು ಹೋದರೆ ಮರ ಮರಕ್ಕೆ ಸೇರುವ ಮೂಲೆಗಳನ್ನು ನೋಡಿ.

ಈಗ ನಮ್ಮ ಸೀಮೆಗೆ ಬರೋಣ. ಚಕ್ಕಡಿಯ ಗಾಲಿಗೆ ಹಳಿ ಕಟ್ಟುವುದನ್ನು ಇಲ್ಲಿ ಕುಳಿತ ಹಿರಿಯರು ಕಂಡಿದ್ದೀರಿ, ಕೆಲವರು ಕಟ್ಟಿಯೂ ಇದ್ದೀರಿ. ಬಡಿಗೇರರು ಜಾಲಿ ಮರದಲ್ಲಿ ಗುಂಭ, ಅರ, ಸುತ್ತಿನ ತುಂಡುಗಳನ್ನು ಕೂಡಿಸಿ ಗಾಲಿ ಮಾಡಿ ಕೊಡುತ್ತಾರೆ. ಕಂಬಾರರು ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ಬೇಕೆಂದೇ ತುಸು ಕಡಿಮೆ ಮಾಡಿ ಬೆಸೆಯುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಹಳಿ ಕೆಂಪಗಾಗುತ್ತಲೇ ಇಬ್ಬರು ಮೂವರು ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲಿಟ್ಟು ಬಡಿದು ಇಳಿಸುತ್ತಾರೆ. ಮರ ಹೊಗೆಯಾಡುತ್ತದೆ. ಹೊತ್ತಿಕೊಳ್ಳುವಷ್ಟರಲ್ಲಿ ನೀರು. ಹಳಿ ಕುಗ್ಗುತ್ತದೆ, ಒಳಗಿನ ಒಂದೊಂದು ಕೂಡಿಕೆಯೂ ಕಟಕಟ ಎಂದು ಬಿಗಿದುಕೊಳ್ಳುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ: ಒಂದೂವರೆ ಮೀಟರ್ ಅಡ್ಡಳತೆಯ ಗಾಲಿಯ ಸುತ್ತಳತೆ ಸುಮಾರು 4.7 ಮೀಟರ್. ಕಬ್ಬಿಣ 500 ಡಿಗ್ರಿ ಕಾದರೆ ಈ ಉದ್ದಕ್ಕೆ ಸುಮಾರು 28 ಮಿಲಿಮೀಟರ್ ಹಿಗ್ಗುತ್ತದೆ, ಇಂಚಿಗಿಂತ ಚೂರು ಹೆಚ್ಚು. ಎಷ್ಟು ಕಡಿಮೆ ಇಡಬೇಕೆಂಬ ತೀರ್ಮಾನ ಈ ಇಂಚಿನೊಳಗೇ ಆಗಬೇಕು. ಅತಿಯಾಗಿ ಕಡಿಮೆ ಮಾಡಿದರೆ ಅರಗಳು ಮುರಿಯುತ್ತವೆ, ಸಾಲದಾದರೆ ಬೇಸಿಗೆಯಲ್ಲಿ ಮರ ಒಣಗಿ ಹಳಿ ಕಳಚುತ್ತದೆ. ಗಾಲಿ ಹೀಗೆ ಬಿಗಿ. ಅದೇ ಗಾಲಿ ಅಚ್ಚಿನ ಮೇಲೆ ಮಾತ್ರ ಸಡಿಲ, ಕೀಲಿನ ಆಸರೆಯಲ್ಲಿ ಅತ್ತಿತ್ತ ಆಡುತ್ತದೆ. ಆಡದಿದ್ದರೆ ಎರೆಹೊಲದ ತಗ್ಗುದಿನ್ನೆಯಲ್ಲಿ ಬಂಡಿ ಬಾಳುವುದಿಲ್ಲ.

ಈ ಬಿಗಿ-ಸಡಿಲದ ವಿವೇಕವೇ ಬಸ್ಸು-ಲಾರಿ ಬಾಡಿಗೂ ಬಂದಿದೆ. ಹೆದ್ದಾರಿಯಲ್ಲಿ ಬರೀ ಚಾಸಿ ಹೋಗುವುದನ್ನು ನೋಡಿರುತ್ತೀರಿ. ಬಾಗಿಲಿಲ್ಲ, ಮಾಡಿಲ್ಲ, ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಗಾಳಿಗೆ ಮೈಯೊಡ್ಡಿ ಕೂತಿರುತ್ತಾನೆ. ಬಾಡಿ ಕಟ್ಟುವ ಮೇಸ್ತ್ರಿಗೆ ಮೊದಲು ಕಲಿಸುವುದೇ ಚಾಸಿಗೆ ಕಂಡಲ್ಲಿ ತೂತು ಹೊಡೆಯಬೇಡ, ವೆಲ್ಡಿಂಗ್ ಹಚ್ಚಬೇಡ ಎಂದು. ಲಾರಿಯಲ್ಲಿ ಚಾಸಿ ಮತ್ತು ಬಾಡಿಯ ನಡುವೆ ಮರದ ತೊಲೆ ಇಟ್ಟು ಯು-ಬೋಲ್ಟಿನಲ್ಲಿ ಹಿಡಿಸುತ್ತಾರೆ. ಚಾಸಿ ತಿರುಚಿಕೊಳ್ಳಬೇಕು, ಬಾಡಿ ಸೀಳಬಾರದು. ಹತ್ತಿ ಮೈಗೆ ರೇಷ್ಮೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಇಳಕಲ್ ನೇಕಾರರಿಗೆ, ಎರಡು ಬೇರೆ ಗುಣದ ವಸ್ತುಗಳನ್ನು ಜಗ್ಗಿದರೂ ಹರಿಯದಂತೆ ಸೇರಿಸುವ ಕಷ್ಟವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಭಾರದ ವಿಚಾರವೂ ಅಷ್ಟೇ. ಚಕ್ಕಡಿಯ ಹಿಂದೆ ಹೇರು ಹೆಚ್ಚಾದರೆ ನೊಗ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಮೋಟಾರ್‌ಹೋಮಿನಲ್ಲಿ 200 ಲೀಟರ್ ನೀರೆಂದರೆ 200 ಕಿಲೋ. ಆ ಟಾಕಿಯನ್ನು ಹಿಂದಿನ ಗಾಲಿಯಾಚೆ ಇಟ್ಟರೆ ಮುಂದಿನ ಗಾಲಿ ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಹಿಂದಿನ ಚಾಚು ವೀಲ್‌ಬೇಸಿನ ಶೇ. 60ನ್ನು ಮೀರಬಾರದು ಎಂದು ನಮ್ಮ ಮೋಟಾರು ವಾಹನ ನಿಯಮ ಹೇಳುವುದಕ್ಕೆ ಇಂಥ ಕಾರಣಗಳೇ ಇವೆ. ರೈತ ಇದನ್ನು ನೊಗ ಎತ್ತಿ ನೋಡಿಯೇ ಹೇಳುತ್ತಿದ್ದ.

ಹಾಗಾದರೆ ನಮ್ಮ ಕಮ್ಮಟಗಳು ಎಲ್ಲಿ ನಿಂತುಬಿಟ್ಟವು? ಜರ್ಮನಿಯ ವೀಡನ್‌ಬ್ರೂಕಿನಲ್ಲಿ 1844ರಲ್ಲಿ ಒಬ್ಬ ಕಂಬಾರನ ಕಮ್ಮಟವಾಗಿ ಶುರುವಾದದ್ದು ಸಾರೋಟು ಕಟ್ಟಿ, 1951ರ ಹೊತ್ತಿಗೆ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಡಚುವ ಮಂಚ-ಕಪಾಟು ಕೂರಿಸುವ ವೆಸ್ಟ್‌ಫಾಲಿಯಾ ಕಂಪನಿಯಾಗಿತ್ತು. ಕೈ ಬದಲಾಗಲಿಲ್ಲ, ಕೆಲಸ ಬದಲಾಯಿತು. ನಮ್ಮವರ ಕೈ ಟ್ರ್ಯಾಕ್ಟರ್ ಟ್ರೇಲರಿಗೆ, ಗ್ರಾನೈಟ್ ಲಾರಿಯ ಬಾಡಿಗೆ ಹೋಯಿತು. ಅದು ಅವನತಿ ಎಂದು ನಾನು ಕಣ್ಣೀರು ಹಾಕುವುದಿಲ್ಲ, ಹೊಟ್ಟೆಪಾಡು ಅಲ್ಲಿತ್ತು. ಹಾಗೆಯೇ, ಗಾಲಿ ಮೇಲಿನ ಮನೆ ಎಂದರೆ ಪ್ರವಾಸಿಗರ ಶೋಕಿ ಎಂದಷ್ಟೇ ತಿಳಿಯುವುದೂ ಬೇಡ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಸಂಸಾರ ಹೇರಿಕೊಂಡು ಬರುವ ಕಟಾವು ಗ್ಯಾಂಗಿನವರಿಗೆ ಮಕ್ಕಳು ಮಲಗಲು ಒಣ ಜಾಗವಿರುವ ಒಂದು ಟ್ರೇಲರ್ ಕಟ್ಟಿಕೊಡುವುದು ನಮ್ಮ ಪಾಲಿಟೆಕ್ನಿಕ್ಕಿನ ಅಂತಿಮ ವರ್ಷದ ಪ್ರಾಜೆಕ್ಟ್ ಯಾಕಾಗಬಾರದು? ಸೋಲಾರ್ ಕಾರಿನ ಮಾದರಿಗಳನ್ನು ಸಾಕಷ್ಟು ನೋಡಿಯಾಗಿದೆ.

ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡ ನಮ್ಮಲ್ಲಿದೆ, ಬಸ್ ಬಾಡಿಗೆ ಎಐಎಸ್-052. ಸಣ್ಣ ಗ್ಯಾರೇಜಿನ ಮೇಸ್ತ್ರಿಗೆ ಅರ್ಥವಾಗುವ ಕನ್ನಡದಲ್ಲಿ ಇವನ್ನು ತಿಳಿಸಿಕೊಡುವ ಕೈಪಿಡಿಯೊಂದು ಈ ಸಂಕಿರಣದಿಂದ ಹೊರಬರಲಿ. ಅದರ ಜೊತೆಗೆ ಊರೂರಿನಲ್ಲಿ ಉಳಿದಿರುವ ಹಳೆ ಬಂಡಿಗಳನ್ನು ಅಳೆಯಬೇಕು, ಕಟ್ಟಿದವರಿಂದಲೇ ಕೆಲಸದ ಕ್ರಮವನ್ನು ಬರೆಸಿಕೊಳ್ಳಬೇಕು. ಅವರಿಗೆಲ್ಲ ವಯಸ್ಸಾಗಿದೆ.

ಸಂಘಟಕರಲ್ಲಿ ಕೊನೆಯದಾಗಿ ಒಂದು ವಿನಂತಿ. ಹಳಿ ಕಟ್ಟುವ ಪ್ರಾತ್ಯಕ್ಷಿಕೆಯನ್ನು ಊಟದ ನಂತರಕ್ಕೆ ಹಾಕಿದ್ದೀರಿ. ಅದನ್ನು ಈಗಲೇ, ಮೊದಲ ಗೋಷ್ಠಿಯಾಗಿ ಅಂಗಳದಲ್ಲಿ ನಡೆಸೋಣ. ಪ್ರಬಂಧ ಮಂಡಿಸುವವರು ಅದನ್ನು ನೋಡಿ ಬಂದು ಮಾತಾಡಲಿ, ಕಂಬಾರರು ಅವರನ್ನು ಪ್ರಶ್ನೆ ಕೇಳಲಿ. ಕುಳ್ಳಿಗೆ ಬೆಂಕಿ ಹಚ್ಚಲು ಹೇಳಿಯಾಗಿದೆ.